ಎಮ್ಮೆದೊಡ್ಡಿಯ ಕೂಗು

ಚಿಕ್ಕಬೀರಪ್ಪ ಹುಟ್ಟುಮೂಕನಲ್ಲ. ಕಡೂರಿನ ಸಂತೆಯಲ್ಲಿ ಅವನನ್ನು ಮೂಕನೆಂದೇ ತಿಳಿದವರು ಬಹಳ ಮಂದಿ. ಉಪ್ಪಿನ ಅಂಗಡಿಯವನು ಅವನೊಡನೆ ಕೈಸನ್ನೆಯಲ್ಲೇ ವ್ಯಾಪಾರ ಮಾಡುತ್ತಿದ್ದ, ಇವನೂ ಕೈಸನ್ನೆಯಲ್ಲೇ ಉತ್ತರ ಕೊಟ್ಟು, ಚೀಲ ಹೆಗಲಿಗೇರಿಸಿ ಎಮ್ಮೆದೊಡ್ಡಿಯ ದಾರಿ ಹಿಡಿಯುತ್ತಿದ್ದ. ಒಂದು ಕಾಲಕ್ಕೆ ಇದೇ ಮನುಷ್ಯನ ಗಂಟಲು ಕೇಳುವುದಕ್ಕೆಂದೇ ಸುತ್ತಿನ ಹಳ್ಳಿಯವರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು ಎಂದರೆ ಈಗ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ನಡೆದದ್ದನ್ನು ಹೇಳುವುದಷ್ಟೇ ನನ್ನ ಕೆಲಸ.

ಎಮ್ಮೆದೊಡ್ಡಿಯ ಕಾವಲೆಂದರೆ ಮೈಸೂರು ಸರ್ಕಾರದ ಅಮೃತಮಹಲ್ ದನಗಳು ಮೇಯುವ ಹುಲ್ಲುಗಾವಲು. ಆ ದನಗಳನ್ನು ನಿಮ್ಮ ಮನೆಯ ಹಿತ್ತಿಲಿನ ಹಸುವಿನ ಹಾಗೆ ಅಂದುಕೊಂಡು ಹತ್ತಿರ ಹೋದರೆ ಕೆಟ್ಟಿರಿ. ಅವು ಕೊಟ್ಟಿಗೆ ಕಂಡವಲ್ಲ, ಮೂಗುದಾರ ಕಂಡವಲ್ಲ. ಬೂದು ಮೈ, ನೀಳವಾಗಿ ಹಿಂದಕ್ಕೆ ಬಾಗಿದ ಚೂಪು ಕೊಂಬು, ಹೊಸಬರ ವಾಸನೆ ಬಡಿದರೆ ಸಾಕು ತಲೆ ತಗ್ಗಿಸಿ ನುಗ್ಗುವ ಸ್ವಭಾವ. ಚಿರತೆ ಬಂದರೂ ಓಡುವುದಿಲ್ಲ. ಕರುಗಳನ್ನೆಲ್ಲ ನಡುವೆ ಹಾಕಿಕೊಂಡು, ಸುತ್ತಲೂ ಒತ್ತಾಗಿ ನಿಂತು, ಕೊಂಬುಗಳನ್ನು ಹೊರಗೆ ತಿರುಗಿಸಿಬಿಡುತ್ತವೆ. ಆ ಸುತ್ತಿನೊಳಗೆ ಕರುಗಳಿಗೆ ಬಿಟ್ಟು ಬೇರೆ ಯಾರಿಗೂ ಜಾಗವಿಲ್ಲ. ಕಾಯುವವನಾದರೂ ಹೊರಗೇ ನಿಲ್ಲಬೇಕು.

ಇಂಥ ದನಗಳು ಮಾತು ಕೇಳುತ್ತಿದ್ದುದು ಎರಡಕ್ಕೆ ಮಾತ್ರ. ಒಂದು, ಕಾಯುವವನ ಕಂಬಳಿಯ ವಾಸನೆ. ಇನ್ನೊಂದು, ಕೂಗು. ಕಾವಲಿನಲ್ಲಿ ಒಂದೊಂದು ಹಿಂಡಿಗೆ ಒಂದೊಂದು ಕೂಗು ಇತ್ತು. ಅದು ಅಪ್ಪನಿಂದ ಮಗನಿಗೆ ಬರುತ್ತಿತ್ತು. ದಿನಕ್ಕೆ ಒಂದೇ ಸಲ, ಹೊತ್ತು ಇಳಿಯುವಾಗ ಕಟ್ಟೆಯ ಏರಿಯ ಮೇಲೆ ನಿಂತು ಕೂಗಬೇಕು. ಕೇಳಿದ ಹಿಂಡು ಎಲ್ಲಿದ್ದರೂ ತಲೆಯೆತ್ತಿ ನೀರಿಗೆ ಇಳಿಯುತ್ತಿತ್ತು. ಬೇರೆ ಹೊತ್ತಿನಲ್ಲಿ, ಬೇರೆ ಕಡೆ, ಹುಡುಗಾಟಕ್ಕೂ ಅದನ್ನು ಕೂಗುವಂತಿಲ್ಲ. ಚಿಕ್ಕಬೀರಪ್ಪ ಐದು ವರ್ಷದವನಿದ್ದಾಗ ಜಗಲಿಯ ಮೇಲೆ ಕೂತು ಅಪ್ಪನ ಕೂಗನ್ನು ಅಣಕಿಸಿದ್ದಕ್ಕೆ ಅಪ್ಪ ಬಾರಿಸಿದ ಏಟಿಗೆ ಎರಡು ದಿನ ದವಡೆ ಊದಿತ್ತು. ಸಾಯುವ ಮುಂಚೆ ಅದೇ ಅಪ್ಪ ಮಗನ ಕೈ ಹಿಡಿದು ಹೇಳಿದ್ದೂ ಇದೊಂದೇ ಮಾತು: "ಕೂಗ್ನ ಕಾವಲಿಂದ ಆಚೆಗೆ ಒಯ್ಬೇಡ ಕಣೋ. ಅದು ನಮ್ದಲ್ಲ, ದನದ್ದು."

ಆ ಕೂಗು ಹೇಗಿತ್ತು ಎಂದು ಕೇಳುತ್ತೀರಿ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಿಮ್ಮಲ್ಲೊಬ್ಬರು ಓದುತ್ತಾ ಓದುತ್ತಾ ಕೂಗಿಬಿಟ್ಟಾರು.

ಚಿಕ್ಕಬೀರಪ್ಪ ಇಪ್ಪತ್ತೆಂಟು ವರ್ಷದವನಾಗುವ ಹೊತ್ತಿಗೆ ಹಿಂಡಿಗೆ ಒಡೆಯನಂತಿದ್ದ. ಹಿಂಡಿನ ಮುಂದಾಳು ಬಿಳಿಗೌರಿ ಎಂಬ ಹಸು. ಅವನು ಕೂಗಿದರೆ ಮೊದಲು ಕಿವಿ ನಿಮಿರಿಸುವುದು ಅವಳು. ಅವಳ ಬೆನ್ನಿಗೆ ಉಳಿದ ನೂರು ಚಿಲ್ಲರೆ ದನಗಳು. ಮನೆಯಲ್ಲಿ ಹೆಂಡತಿ ದ್ಯಾಮಮ್ಮ, ಪಕ್ಕದ ಗುಡಿಸಿಲಿನಲ್ಲಿ ದೊಡ್ಡಪ್ಪ ಅಜ್ಜಯ್ಯ. ಅಜ್ಜಯ್ಯ ತನ್ನ ಕಾಲದಲ್ಲಿ ಕಾವಲಿನ ದೊಡ್ಡ ಕೈ. ಇಲಾಖೆಯವರು ಚಿಕ್ಕಬೀರಪ್ಪನನ್ನು ಮುಂದೆ ಸರ್ವೇಗಾರನನ್ನಾಗಿ, ಎಂದರೆ ಕಾಯುವವರ ಮೇಲಾಳಾಗಿ, ಮಾಡುತ್ತಾರೆಂದೂ ಮಾತಿತ್ತು. ಆದರೆ ಅವನ ಕಣ್ಣು ಕಾವಲಿನಲ್ಲಿ ಇರಲಿಲ್ಲ. ಸಂತೆಗೆ ಹೋದಾಗಲೆಲ್ಲ ರೈಲ್ವೆ ಸ್ಟೇಷನ್ನಿನ ಮುಂದೆ ನಿಂತು, ಮೊದಲ ತರಗತಿಯ ಡಬ್ಬಿಯಿಂದ ಇಳಿಯುವ ಕೋಟಿನವರನ್ನು ನೋಡುತ್ತಿದ್ದ. ಅವರು ತಿರುಗಿಯೂ ನೋಡದೆ ಕೈ ಎತ್ತಿದರೆ ನಾಲ್ಕು ಆಳು ಓಡಿಬರುತ್ತಿದ್ದರು. "ನಾನು ಕೂಗಿದ್ರೆ ದನ ಬತ್ತವೆ. ಅವ್ರು ಕೈ ಎತ್ತಿದ್ರೆ ಮನುಷ್ಯರು ಬತ್ತಾರೆ," ಎಂದು ದ್ಯಾಮಮ್ಮನಿಗೆ ಹೇಳುತ್ತಿದ್ದ. ದ್ಯಾಮಮ್ಮ ಮುದ್ದೆ ತಿರುವುತ್ತಾ, "ದನ ಬಂದ್ರೆ ಹಾಲು. ಮನುಷ್ಯರು ಬಂದ್ರೆ ಏನು?" ಎನ್ನುತ್ತಿದ್ದಳು.

ಒಂದು ಸೋಮವಾರ ಕಡೂರಿನ ಮೈದಾನದಲ್ಲಿ ಡೇರೆ ಎದ್ದಿತು. ಬೆಂಗಳೂರು ಕಡೆಯ ತಿಮ್ಮರಾಯಪ್ಪ ಎಂಬಾತನ ಬಯಾಸ್ಕೋಪು. ಆಗಿನ್ನೂ ಚಿತ್ರಗಳಿಗೆ ಮಾತು ಬಂದಿರಲಿಲ್ಲ. ಪರದೆಯ ಮೇಲೆ ದೊರೆಗಳು ದೊರೆಸಾನಿಯರು ಬಾಯಿ ಆಡಿಸುತ್ತಿದ್ದರು, ನಡುನಡುವೆ ಇಂಗ್ಲಿಷ್ ಅಕ್ಷರ ಬಂದು ಹೋಗುತ್ತಿತ್ತು. ಜನಕ್ಕೆ ತಿಳಿಯಬೇಕಲ್ಲ, ಅದಕ್ಕೆ ಪರದೆಯ ಪಕ್ಕ ಒಬ್ಬ ನಿಂತು ಕಥೆ ಹೇಳುತ್ತಿದ್ದ. ಆ ಕೆಲಸದವನು ಹಿಂದಿನ ದಿನವಷ್ಟೇ ನಾಟಕದ ಕಂಪನಿಯೊಂದರ ಬೆನ್ನು ಹತ್ತಿ ಓಡಿಹೋಗಿದ್ದ. ತಿಮ್ಮರಾಯಪ್ಪ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಡೈನಮೋದ ಸದ್ದಿಗೆ ಬೆದರಿದ ಎರಡು ಎತ್ತು ನೊಗ ಮುರಿದುಕೊಂಡು ಡೇರೆಗೇ ನುಗ್ಗಿದವು. ಹಗ್ಗ ಕೊಳ್ಳಲು ಬಂದಿದ್ದ ಚಿಕ್ಕಬೀರಪ್ಪ ಅಡ್ಡ ನಿಂತು ಎದೆಯಾಳದಿಂದ "ನಿಲ್ಲೋ ನನ್ನಪ್ಪಾ" ಎಂದ. ಎತ್ತು ನಿಂತವು. ಎತ್ತಿನ ಜೊತೆಗೆ ಡೇರೆಯ ಆಳುಗಳೂ ನಿಂತರು. ತಿಮ್ಮರಾಯಪ್ಪನೂ ಎದ್ದವನು ಹಾಗೇ ನಿಂತ.

"ಏನಪ್ಪಾ ನಿನ್ನ ಹೆಸ್ರು? ಎಲ್ಲಿಟ್ಕೊಂಡಿದ್ದೆ ಇಂಥಾ ಗಂಟ್ಲು?"

"ಚಿಕ್ಕಬೀರಪ್ಪ, ಸ್ವಾಮಿ. ಎಮ್ಮೆದೊಡ್ಡಿ."

"ಇವತ್ತು ಒಂದು ದಿನ ಪರದೆ ಪಕ್ಕ ನಿಂತ್ಕೋ. ಕಣ್ಣಿಗೆ ಕಂಡದ್ದನ್ನ ಬಾಯಲ್ಲಿ ಹೇಳು, ಅಷ್ಟೇ ಕಣಯ್ಯಾ."

ಹಿಂಡಿಗೆ ಕೂಗಲು ಅಜ್ಜಯ್ಯ ಇದ್ದಾನಲ್ಲ, ಒಂದು ದಿನ ತಾನೇ ಎಂದುಕೊಂಡು ಚಿಕ್ಕಬೀರಪ್ಪ ನಿಂತುಕೊಂಡ. ಅಲ್ಲಿ ಊರಿದ ಕಾಲನ್ನು ತಿಂಗಳುಗಟ್ಟಲೆ ತೆಗೆಯಲಿಲ್ಲ.

ಚಿತ್ರ ನಗುವಿನದು. ಒಂದು ದೊಡ್ಡ ಅಂಗಡಿಯ ಬಾಗಿಲಲ್ಲಿ ಗಿರಾಕಿಗಳ ಬೂಟು ಒರೆಸುವ ಬಡಪಾಯಿ. ಹೆಸರೇನೋ ಇಂಗ್ಲಿಷಿನದು, ಬಿಳಿ ತೊಗಲಿನವನು ತಾನೇ ಎಂದು ಚಿಕ್ಕಬೀರಪ್ಪ ಅವನಿಗೆ ಕೆಂಚಪ್ಪ ಎಂದು ಹೆಸರಿಟ್ಟ. ಕೆಂಚಪ್ಪನಿಗೆ ಲೋಕದಲ್ಲಿ ಇರುವುದು ಒಂದು ನಾಯಿ. ಬಾಯಿಗೆ ಎರಡು ಬೆರಳಿಟ್ಟು ಸಿಳ್ಳೆ ಹೊಡೆದರೆ ಅದು ಎಲ್ಲಿದ್ದರೂ ಓಡಿಬರುತ್ತದೆ. ಒಂದು ದಿನ ಕಾಗದ ಬರುತ್ತದೆ: ದೂರದ ಮಾವ ಸತ್ತಿದ್ದಾನೆ, ಅಂಗಡಿಯೆಲ್ಲ ನಿನ್ನದು. ಕೆಂಚಪ್ಪ ಮೊಳಕಾಲಿನವರೆಗಿನ ಕರಿ ಕೋಟು ಹಾಕಿ ಕುರ್ಚಿ ಏರುತ್ತಾನೆ. ಮತ್ತೆ ಅದೇ ಸಿಳ್ಳೆ. ಈಗ ಹತ್ತು ಆಳು ಒಬ್ಬರ ಮೇಲೊಬ್ಬರು ಬಿದ್ದು ಓಡಿಬರುತ್ತಾರೆ. ಕಡೆಗೆ ನೋಡಿದರೆ ಕಾಗದ ಬೇರೆ ಯಾರಿಗೋ ಬರಬೇಕಾದದ್ದು. ಕೋಟು ಕಿತ್ತುಕೊಂಡು ಬೀದಿಗೆ ದೂಡುತ್ತಾರೆ. ಹಳೆಯ ಬಾಗಿಲಿಗೆ ಬಂದು ಸಿಳ್ಳೆ ಹೊಡೆಯುತ್ತಾನೆ. ನಾಯಿ ಹೊಸದಾಗಿ ಬಂದ ಬೂಟು ಒರೆಸುವವನ ಕಾಲ ಬಳಿ ಮಲಗಿದೆ, ತಲೆ ಎತ್ತುವುದಿಲ್ಲ. ಕೆಂಚಪ್ಪ ಒಂದು ಉದ್ದ ರಸ್ತೆಯಲ್ಲಿ ನಡೆದು ಹೋಗುತ್ತಾನೆ. ಹೋದವನು ತಿರುಗಿ ನಮ್ಮನ್ನೇ ನೋಡಿ ಬಾಯಿ ತೆರೆಯುತ್ತಾನೆ. ಅಷ್ಟರಲ್ಲಿ ಜನ ಎದ್ದಿರುತ್ತಿದ್ದರು, ಡೇರೆಯ ದೀಪ ಹತ್ತಿರುತ್ತಿತ್ತು. ಬಾಯಿ ತೆರೆದವನು ಏನೆಂದ ಎಂಬುದು ಯಾರಿಗೂ ಕಾಣುತ್ತಿರಲಿಲ್ಲ.

ಮೊದಲ ದಿನ ಸಿಳ್ಳೆಯ ಜಾಗ ಬಂದಾಗ ಚಿಕ್ಕಬೀರಪ್ಪ ಗಾಬರಿಯಾದ. ಅವನಿಗೆ ಸಿಳ್ಳೆ ಬಾರದು. ಪರದೆಯ ಮೇಲೆ ಕೆಂಚಪ್ಪ ಬಾಯಿಗೆ ಬೆರಳಿಟ್ಟು ಕೆನ್ನೆ ಉಬ್ಬಿಸಿ ನಿಂತಿದ್ದಾನೆ, ಮುನ್ನೂರು ಜನ ಇವನ ಬಾಯಿ ನೋಡುತ್ತಿದ್ದಾರೆ. ಕರೆಯುವುದಕ್ಕೆಂದು ಅವನ ಗಂಟಲು ಕಲಿತದ್ದು ಒಂದೇ. ಅದು ತಾನೇ ತಾನಾಗಿ ಹೊರಟಿತು. ಕಾವಲಿನ ಕೂಗು ಡೇರೆಯ ಬಟ್ಟೆಗೆ ಬಡಿದು ತಿರುಗಿ ಬಂತು. ಅದೇ ಗಳಿಗೆಗೆ ನಾಯಿ ಬಾಲ ಅಲ್ಲಾಡಿಸುತ್ತಾ ಓಡಿಬಂತು.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಿಕ್ಕಬೀರಪ್ಪ ನಾಲಿಗೆ ಕಚ್ಚಿಕೊಂಡ. ದವಡೆಯ ಮೇಲೆ ಅಪ್ಪನ ಏಟು ಈಗ ಬಿತ್ತೋ ಎಂಬಂತೆ ಚುರ್ರೆಂದಿತು. ನಾಳೆ ಸುಮ್ಮನೆ ಮಾತಿನಲ್ಲೇ ಹೇಳಿಬಿಡೋಣ ಎಂದುಕೊಂಡ. ನಾಳೆ ಆದದ್ದೇ ಬೇರೆ: ಸಿಳ್ಳೆಯ ಜಾಗ ಬರುತ್ತಲೇ ಇಡೀ ಡೇರೆ "ಕೂಗೋ! ಕೂಗೋ!" ಎಂದು ನೆಲ ಬಡಿಯಿತು. ಕೂಗಿದ. ಹತ್ತು ಆಳು ಓಡಿಬರುವ ಜಾಗದಲ್ಲಿ ಎರಡು ಸಲ ಕೂಗಿದ.

ಹೀಗೆ ಕಡೂರಿನಲ್ಲಿ ಒಂದು ತಿಂಗಳು, ಹಿರೇನಲ್ಲೂರಿನಲ್ಲಿ ಹದಿನೈದು ದಿನ, ಮತ್ತೆ ಕಡೂರು. ತಿಮ್ಮರಾಯಪ್ಪ ಒಂದು ಕರಿ ಕೋಟು ಹೊಲಿಸಿಕೊಟ್ಟ, ಮೊಳಕಾಲಿನವರೆಗಿನದು. ತಲೆಗೆ ಜರಿಯಂಚಿನ ರುಮಾಲು. ಚಿಕ್ಕಬೀರಪ್ಪ ಸ್ಟೇಷನ್ನಿನ ಮುಂದೆ ಕೈ ಎತ್ತಿದರೆ ಈಗ ನಿಜವಾಗಿಯೂ ಜಟಕಾದವನು ಓಡಿಬರುತ್ತಿದ್ದ. "ಪರದೆ ಮೇಲಿನವನಿಗೂ ನಿನಗೂ ಮೂಗು ಒಂದೇ ಥರ ಐತಲ್ಲಪ್ಪಾ" ಎಂದು ಜನ ತಮಾಷೆ ಮಾಡುತ್ತಿದ್ದರು. ಅವನಿಗೂ ಹಾಗೆ ಅನ್ನಿಸತೊಡಗಿತು. ಪರದೆಗೆ ನೀರು ಚಿಮುಕಿಸುತ್ತಿದ್ದರು, ಬೆಳಕು ಚೆನ್ನಾಗಿ ಹಿಡಿಯಲೆಂದು. ಒದ್ದೆ ಬಟ್ಟೆಯ ಆಚೆ ಈಚೆ ಎರಡು ಕಡೆಯೂ ಕೆಂಚಪ್ಪ ಕಾಣುತ್ತಿದ್ದ. ನಡುವಿನ ಕಂಬದ ಬಳಿ ನಿಂತ ಚಿಕ್ಕಬೀರಪ್ಪನಿಗೆ ಮಾತ್ರ ಅವನು ಎಲೆಯಂತೆ ತೆಳ್ಳಗೆ, ಅಂಚಿನಿಂದ ಕಾಣುತ್ತಿದ್ದ. ಒಂದು ದಿನ ಕೆಮ್ಮು ಬಂದು ಕೂಗು ಎರಡು ಗಳಿಗೆ ತಡವಾಯಿತು. ಕೆಂಚಪ್ಪ ಬಾಯಿಗೆ ಬೆರಳಿಟ್ಟವನು ಹಾಗೇ ಕಾಯುತ್ತಾ ನಿಂತ. ಇವನು ಕೂಗಿದ ಮೇಲೆಯೇ ಕದಲಿದ್ದು. ಮೆಷಿನ್ ತಿರುಗಿಸುವವನು ಕೈ ಬದಲಿಸಿರಬೇಕು ಎಂದು ತಿಮ್ಮರಾಯಪ್ಪ ಹೇಳಿದ. ಇದ್ದರೂ ಇರಬಹುದು.

ಕೂಗು ಮಾತ್ರ ಡೇರೆಯಲ್ಲಿ ಉಳಿಯಲಿಲ್ಲ. ಜನ ಅದನ್ನು ಬಾಯಲ್ಲಿ ಇಟ್ಟುಕೊಂಡು ಮನೆಗೆ ಹೋದರು. ಗಾಡಿಯವರು ಎದುರು ಗಾಡಿಗೆ ಕೂಗಿದರು, ಹೆಂಗಸರು ಗಂಡಂದಿರನ್ನು ಊಟಕ್ಕೆ ಕರೆಯಲು ಕೂಗಿದರು, ತೆಂಗಿನ ತೋಟದಲ್ಲಿ ಕಾಯಿ ಕೀಳುವವನು ಮರದ ತುದಿಯಿಂದ ಕೂಗಿದ. ಮೊದಮೊದಲು ಚಿಕ್ಕಬೀರಪ್ಪನಿಗೆ ಹಿಗ್ಗು. ಆಮೇಲೆ ಒಂದು ಮಧ್ಯಾಹ್ನ ಬಾವಿಕಟ್ಟೆಯ ಹತ್ತಿರ ಬೆನ್ನ ಹಿಂದಿನಿಂದ ಯಾರೋ ಕೂಗಿದರು. ಥೇಟು ಇವನ ಗಂಟಲು; ಕೊನೆಯಲ್ಲಿ ಸ್ವಲ್ಪ ಸೀಳುವುದೂ ಅದೇ. ತಿರುಗಿ ನೋಡಿದರೆ ಬಿಸಿಲು, ಖಾಲಿ ಬೀದಿ. ತಾನೇ ಕೂಗಿಬಿಟ್ಟೆನೋ ಎಂದು ಗಂಟಲು ಮುಟ್ಟಿ ನೋಡಿಕೊಂಡ.

ಡೇರೆ ತರೀಕೆರೆಗೆ ಹೋಯಿತು. ಅಲ್ಲಿ ಮೂರನೆಯ ದಿನ ಅವನಿಗೆ ಜ್ವರ ಬಂದು ಗಂಟಲು ಕಟ್ಟಿತು. ಹಾಗೂ ಹೀಗೂ ಪಿಸುಮಾತಿನಲ್ಲಿ ಕಥೆ ಎಳೆದ. ಸಿಳ್ಳೆಯ ಜಾಗ ಬಂತು. ಕೆಂಚಪ್ಪ ಬೆರಳು ಎತ್ತಿದ. ಚಿಕ್ಕಬೀರಪ್ಪ ಬಾಯಿ ತೆರೆದ, ಬರೀ ಗಾಳಿ. ಆಗ ಡೇರೆಯೊಳಗಿದ್ದ ನಾನ್ನೂರು ಜನ ಅವನ ಬದಲಿಗೆ ಕೂಗಿದರು. ನಗಲಿಲ್ಲ, ಕಿರುಚಲಿಲ್ಲ, ಎಲ್ಲರೂ ಒಂದೇ ಉಸಿರಿನಲ್ಲಿ, ಒಂದೇ ಗಂಟಲಿನಲ್ಲಿ, ಅವನದೇ ಗಂಟಲಿನಲ್ಲಿ ಕೂಗಿದರು. ಕತ್ತಲಲ್ಲಿ ಸಾಲುಸಾಲಾಗಿ ತೆರೆದ ಬಾಯಿಗಳು ಅವನಿಗೆ ಕಂಡವು. ನಾಯಿ ಓಡಿಬಂತು. ಚಿಕ್ಕಬೀರಪ್ಪ ಕಂಬ ಹಿಡಿದು ನಿಂತ. ಅವನಿಗೆ ಹೆದರಿಕೆಯಾಯಿತು, ಚಿರತೆಯ ಕಣ್ಣು ಕಂಡಾಗಲೂ ಆಗದಂಥ ಹೆದರಿಕೆ.

ಅದಾಗಿ ಎರಡು ದಿನಕ್ಕೆ ದ್ಯಾಮಮ್ಮ ಒಬ್ಬಳೇ ರೈಲು ಹತ್ತಿ ತರೀಕೆರೆಗೆ ಬಂದಳು. ಹಿಂದೆ ಯಾವತ್ತೂ ರೈಲು ಹತ್ತಿದವಳಲ್ಲ. ಡೇರೆಯ ಹಿಂದೆ, ಹಗ್ಗದ ಗೂಟದ ಮೇಲೆ ಕೂತು ಹೇಳಿದಳು.

"ಬಿಳಿಗೌರಿ ಹೋದ್ಲು."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಸತ್ತೋದ್ಲು. ಮೊನ್ನೆ ಹೊತ್ತು ಮುಳುಗ್ದ ಮೇಲೆ ರಸ್ತೆ ಕಡೆಯಿಂದ ಕೂಗಾಯ್ತು. ನಿನ್ನ ಕೂಗೇ. ನಾನೂ ಕೇಳ್ದೆ, ಬಂದ್ಯಲ್ಲಾ ಅಂತ ಒಲೆ ಮುಂದಿಂದ ಎದ್ದು ಬಂದೆ. ಅವ್ಳು ಕರೂನೂ ಕಟ್ಕೊಂಡು ಓಡಿದ್ಲು. ಕಾವಲಿನ ಗಡೀಗೆ ತೋಡಿದ ಟ್ರೆಂಚಿಗೆ ಬಿದ್ದು ಕಾಲು ಮುರ್ಕೊಂಡ್ಲು. ನಾವು ಪಂಜು ಹಿಡ್ಕೊಂಡು ಹೋಗೋದ್ರೊಳಗೆ ಚಿರತೆ ಕತ್ತಿಗೆ ಬಾಯಿ ಹಾಕಿತ್ತು. ಕರು ಉಳೀತು."

"ಕೂಗ್ದೋರು ಯಾರು?"

"ರಸ್ತೇಲಿ ಯಾರೂ ಇರ್ಲಿಲ್ಲ. ಗಾಡಿಯೋರು ಯಾರೋ ತಮಾಷೆಗೆ ಕೂಗಿರ್ಬೇಕು ಅಂತಾರೆ ದೊಡ್ಡಪ್ಪ. ಗಾಲಿ ಗುರುತು ಇರ್ಲಿಲ್ಲ."

ಮೊನ್ನೆ ಹೊತ್ತು ಮುಳುಗಿದ ಮೇಲೆ ಎಂದರೆ ತರೀಕೆರೆಯ ಡೇರೆಯಲ್ಲಿ ನಾನ್ನೂರು ಜನ ಕೂಗಿದ ಹೊತ್ತು. ಅಲ್ಲಿಂದ ಕಾವಲಿಗೆ ಎಷ್ಟೋ ಹರದಾರಿ. ಚಿಕ್ಕಬೀರಪ್ಪ ಬೆರಳು ಮಡಿಸಿ ಮಡಿಸಿ ಲೆಕ್ಕ ಹಾಕಿ ನೋಡಿದ.

"ಈಗ ದನ ನೀರಿಗೇ ಇಳೀತಿಲ್ಲ," ಎಂದಳು ದ್ಯಾಮಮ್ಮ. "ದೊಡ್ಡಪ್ಪ ಕೂಗಿದ್ರೆ ಬೆದ್ರಿ ಬೀಳ್ತವೆ. ನೀ ಬಾ. ಇವತ್ತೇ ಬಾ. ಕಂಬಳಿ ಹೊದ್ಕೊಂಡು ಅವುಗಳ ಮಧ್ಯೆ ನಾಲ್ಕು ದಿನ ಸುಮ್ನೆ ಓಡಾಡು. ಎಲ್ಲಾ ಸರಿ ಹೋಯ್ತದೆ."

ಅವನು ಎದ್ದ. ನಿಜವಾಗಿಯೂ ಎದ್ದ, ಕೋಟಿನ ಗುಂಡಿಗೆ ಕೈಯನ್ನೂ ಹಾಕಿದ. ಅಷ್ಟು ಹೊತ್ತಿಗೆ ತಿಮ್ಮರಾಯಪ್ಪ ಬಂದ. ವಿಷಯ ಕೇಳಿ ಅಯ್ಯೋ ಎಂದ, ದ್ಯಾಮಮ್ಮನಿಗೆ ಕಾಫಿ ತರಿಸಿದ, ಮತ್ತೆ ಚಿಕ್ಕಬೀರಪ್ಪನ ಹೆಗಲಿನ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದ. "ಮುಂದಿನ ಊರು ಅಜ್ಜಂಪುರ, ಅದೊಂದು ಮುಗಿಸಿಕೊಡು ಮಾರಾಯಾ. ಆಮೇಲೆ ಈ ಡೇರೇಲಿ ಅರ್ಧ ನಿಂದು. ಬೋರ್ಡಿನ ಮೇಲೆ ನಿನ್ನ ಹೆಸ್ರು ಬರೆಸ್ತೀನಿ. ಹಸು ಅಂತೂ ಸತ್ತೋಯ್ತು, ನೀನು ಹೋದ್ರೆ ಎದ್ದು ಬತ್ತದಾ?"

ಬೋರ್ಡಿನ ಮೇಲಿನ ಹೆಸರು ಎಂಬುದು ಅವನ ತಲೆಯೊಳಗೆ ಹೊಕ್ಕು ಕೂತಿತು. ಅದನ್ನು ನಾನು ಮುಚ್ಚಿಡುವುದಿಲ್ಲ. ಅವನಿಗೆ ದುಃಖವಿತ್ತು, ಹೆದರಿಕೆಯಿತ್ತು, ಆದರೂ ಅವನು ದ್ಯಾಮಮ್ಮನ ಹತ್ತಿರ ಬಂದು, "ಅಜ್ಜಂಪುರ ಮುಗಿಸ್ಕೊಂಡು ಬತ್ತೀನಿ ಕಣೇ" ಎಂದ. ದ್ಯಾಮಮ್ಮ ಕಾಫಿಯ ಲೋಟವನ್ನು ಕುಡಿಯದೆ ನೆಲದ ಮೇಲಿಟ್ಟು ಎದ್ದು ಹೋದಳು. ತಿರುಗಿ ನೋಡಲಿಲ್ಲ.

ಅಜ್ಜಂಪುರದಲ್ಲಿ ಎರಡು ತಿಂಗಳು. ಡೇರೆ ತುಂಬುತ್ತಿತ್ತು. ಕೂಗುವಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಜನರ ತೆರೆದ ಬಾಯಿ ನೋಡಲಾಗುತ್ತಿರಲಿಲ್ಲ. ಕೊನೆಯ ವಾರ ತಿಮ್ಮರಾಯಪ್ಪ ಬೆಂಗಳೂರಿಗೆ ಹೋಗಿ ಬಂದ. ಜೊತೆಗೆ ಎರಡು ದೊಡ್ಡ ಮರದ ಪೆಟ್ಟಿಗೆ ಬಂದವು, ಅವುಗಳ ಮುಖಕ್ಕೆ ಕಬ್ಬಿಣದ ಜಾಲರಿ. ಹೊಸ ಬೋರ್ಡು ಬಂತು. ಅದರ ಮೇಲೆ ಚಿಕ್ಕಬೀರಪ್ಪನ ಹೆಸರಿರಲಿಲ್ಲ. ಓದಲು ಬಾರದ ಅವನು ಷಾನುಭೋಗರಿಂದ ಓದಿಸಿ ಕೇಳಿದ: ಮಾತನಾಡುವ, ಹಾಡುವ ಚಿತ್ರ.

"ಕಾಲ ಬದಲಾಯ್ತು ಕಣಪ್ಪಾ," ಎಂದ ತಿಮ್ಮರಾಯಪ್ಪ. ಕೆಟ್ಟ ಮನುಷ್ಯನೇನಲ್ಲ, ಮುಖ ನೋಡಿ ಹೇಳಲಾಗದೆ ಪೆಟ್ಟಿಗೆಯ ಹಗ್ಗ ಬಿಚ್ಚುತ್ತಾ ಹೇಳಿದ. "ಇನ್ನು ಪರದೆ ಮೇಲಿನೋರೇ ಮಾತಾಡ್ತಾರೆ. ನಿನ್ನ ಬಾಯಿ ಬೇಕಾಗಿಲ್ಲ. ಕೋಟು ನೀನೇ ಇಟ್ಕೋ."

ಚಿಕ್ಕಬೀರಪ್ಪ ಜಗಳವಾಡಲಿಲ್ಲ. ಒಂದೇ ಕೇಳಿದ: ಹಳೆಯ ಚಿತ್ರದ ಕೊನೆಯ ಸುರುಳಿಯನ್ನು ಒಂದು ಸಲ ಪೂರ್ತಿ ತೋರಿಸಬೇಕು, ದೀಪ ಹಚ್ಚಬಾರದು. ಅಂದು ಸಂಜೆ ಖಾಲಿ ಡೇರೆಯಲ್ಲಿ, ನೆಲದ ಮೇಲೆ, ಜನ ಕೂರುವ ಕಡೆ ಕೂತು ಅವನು ಮೊದಲ ಬಾರಿಗೆ ಪರದೆಯನ್ನು ಎದುರಿನಿಂದ ನೋಡಿದ. ಯಾವ ಸದ್ದೂ ಇಲ್ಲ, ಮೆಷಿನ್ನಿನ ಟರಟರ ಒಂದೇ. ಕೆಂಚಪ್ಪ ಸಿಳ್ಳೆ ಹೊಡೆದ, ನಾಯಿ ತಲೆ ಎತ್ತಲಿಲ್ಲ. ಉದ್ದ ರಸ್ತೆಯಲ್ಲಿ ನಡೆದ. ತಿರುಗಿದ. ನೇರವಾಗಿ ಚಿಕ್ಕಬೀರಪ್ಪನನ್ನು ನೋಡಿ ಬಾಯಿ ತೆರೆದ. ಸ್ವಲ್ಪ ಹೊತ್ತು ಹಾಗೇ ಇದ್ದು, ಏನೂ ಹೇಳದೆ, ಬಾಯಿ ಮುಚ್ಚಿಕೊಂಡ. ಮತ್ತೆ ಬೆಳ್ಳನೆಯ ಪರದೆ.

ಮಾರನೆಯ ದಿನ ಮಧ್ಯಾಹ್ನ ಅವನು ಎಮ್ಮೆದೊಡ್ಡಿಗೆ ಬಂದ. ದ್ಯಾಮಮ್ಮ ಏನೂ ಬೈಯಲಿಲ್ಲ. ಕೋಟು ಕೈಗೆ ಇಸಿದುಕೊಂಡು ಹಳೆಯ ಕಂಬಳಿ ಕೊಟ್ಟಳು. ಅದನ್ನು ಒಗೆಯದೆ ಇಟ್ಟಿದ್ದಳು, ವಾಸನೆ ಹೋಗಬಾರದೆಂದು. ಅಜ್ಜಯ್ಯ ಒಂದು ಜಾಗಟೆ ಹಿಡಿದು ಗುಡಿಸಿಲ ಮುಂದೆ ಕೂತಿದ್ದ. ಹಿಂಡನ್ನು ಈಗ ಅವನು ಜಾಗಟೆ ಬಡಿದು ನೀರಿಗೆ ಇಳಿಸುತ್ತಿದ್ದನಂತೆ. ಕಲಿಸುವುದಕ್ಕೆ ನಲವತ್ತು ದಿನ ಹಿಡಿಯಿತಂತೆ.

"ದೊಡ್ಡಪ್ಪಾ, ಇವತ್ತು ನಾನು ಕೂಗ್ತೀನಿ."

"ಬ್ಯಾಡ ಮಗಾ."

"ಒಂದೇ ಸಲ. ನನ್ನ ದನ ಅವು."

"ನಿನ್ನವೇ, ಯಾರು ಇಲ್ಲ ಅಂದ್ರು? ಕೂಗೊಂದು ಬ್ಯಾಡ. ಅವು ಹೆದರ್ಕೊಂಡವೆ."

ಅವನು ಕೇಳಲಿಲ್ಲ. ಹೊತ್ತು ಇಳಿಯುವಾಗ ಏರಿಯ ಮೇಲೆ ನಿಂತ. ಹಿಂಡು ದೂರದ ಬಾರೆಯ ಇಳಿಜಾರಿನಲ್ಲಿ ಚದುರಿ ಮೇಯುತ್ತಿತ್ತು. ಬಿಳಿಗೌರಿಯ ಕರು ಈಗ ಕಡಸಾಗುತ್ತಾ ಬಂದಿತ್ತು, ತಾಯಿಯದೇ ಬಿಳುಪು. ಅಪ್ಪ ನಿಲ್ಲುತ್ತಿದ್ದ ಕಲ್ಲಿನ ಮೇಲೆ ಕಾಲಿಟ್ಟು, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದ. ಗಂಟಲು ಚೆನ್ನಾಗಿತ್ತು. ಕೊನೆಯಲ್ಲಿ ಸೀಳುವ ಕಡೆ ಸೀಳಿತು.

ನೂರು ತಲೆಗಳು ಒಟ್ಟಿಗೆ ಎದ್ದವು. ಒಂದು ಗಳಿಗೆ ಅವನ ಎದೆ ಹಿಗ್ಗಿತು. ಮರುಗಳಿಗೆಯಲ್ಲಿ ದನಗಳು ಓಡಿದವು, ನೀರಿನ ಕಡೆಗಲ್ಲ, ಒಂದರ ಕಡೆಗೊಂದು. ಕರುಗಳನ್ನು ಒಳಗೆ ತಳ್ಳಿದವು. ಸುತ್ತು ಕಟ್ಟಿದವು. ಅಷ್ಟೂ ಕೊಂಬುಗಳು ಏರಿಯ ಕಡೆಗೆ, ಅವನ ಕಡೆಗೆ ತಿರುಗಿ ನಿಂತವು. ಅವನು ಬಾಯಿ ತೆರೆದುಕೊಂಡೇ ನಿಂತಿದ್ದ. ಆಮೇಲೆ ಏನೂ ಹೇಳದೆ ಮುಚ್ಚಿಕೊಂಡ. ಕತ್ತಲಾಗುವವರೆಗೂ ಆ ಸುತ್ತು ಬಿಚ್ಚಲಿಲ್ಲ. ಅಜ್ಜಯ್ಯ ಬಂದು ಕೈ ಹಿಡಿದು ಕರೆದುಕೊಂಡು ಹೋದ.

ಅಂದಿನಿಂದ ಚಿಕ್ಕಬೀರಪ್ಪ ಮಾತು ಬಿಟ್ಟ. ಕೂಗನ್ನಲ್ಲ, ಮಾತನ್ನೇ. ಅವನ ಗಂಟಲಿನ ಯಾವ ಸದ್ದು ಕೇಳಿದರೂ ಹಿಂಡು ತಲೆ ತಗ್ಗಿಸುತ್ತಿತ್ತು, ಅದಕ್ಕೆ. ದ್ಯಾಮಮ್ಮ ಅವನನ್ನು ಊಟಕ್ಕೆ ತಟ್ಟೆ ತಟ್ಟಿ ಕರೆಯುತ್ತಿದ್ದಳು, ಅವನು ತಲೆಯಾಡಿಸುತ್ತಿದ್ದ. ದಿನವೆಲ್ಲ ಕಂಬಳಿ ಹೊದ್ದು ದನಗಳಿಂದ ಕೂಗಳತೆ ದೂರದಲ್ಲಿ ಕೂರುತ್ತಿದ್ದ. ತಿಂಗಳುಗಟ್ಟಲೆ ಕೂತ. ದೂರ ಸ್ವಲ್ಪ ಸ್ವಲ್ಪವೇ ಕಡಿಮೆಯಾಯಿತು. ಮಳೆಗಾಲ ಕಳೆದು ಚಳಿ ಬೀಳುವ ಹೊತ್ತಿಗೆ ಬಿಳಿಗೌರಿಯ ಕಡಸು ಒಂದು ಬೆಳಗ್ಗೆ ತಾನಾಗಿ ಬಂದು ಕಂಬಳಿಯ ಚುಂಗನ್ನು ಮೂಸಿ ಹೋಯಿತು. ಆ ದಿನ ಅವನು ಅತ್ತದ್ದನ್ನು ದ್ಯಾಮಮ್ಮ ನೋಡಿದಳು, ಅಳುವಿನಲ್ಲೂ ಸದ್ದಿರಲಿಲ್ಲ.

ಮರುವರ್ಷ ಕಡೂರಿನ ಮೈದಾನಕ್ಕೆ ಮತ್ತೆ ಯಾವುದೋ ಡೇರೆ ಬಂದಿದೆಯೆಂದು ಸಂತೆಗೆ ಹೋದವರು ಹೇಳಿದರು. ಆ ವಾರವೇ ಒಂದು ಸಂಜೆ, ಹಿಂಡಿನ ನಡುವೆ ಹಸುವೊಂದು ಕರು ಹಾಕಿತ್ತು. ಕರು ಎದ್ದು ನಿಲ್ಲಲಾರದೆ ತಡವರಿಸುತ್ತಿತ್ತು. ಚಿಕ್ಕಬೀರಪ್ಪ ಮೆಲ್ಲಗೆ ದನಗಳ ನಡುವೆ ಹೋಗಿ, ಕಂಬಳಿಯ ತುದಿಯಿಂದ ಅದರ ಮೂಗು ಒರೆಸುತ್ತಾ ಕೂತಿದ್ದ. ಅಜ್ಜಯ್ಯ ಏರಿಯ ಮೇಲೆ ಜಾಗಟೆ ಹಿಡಿದು ನಿಂತಿದ್ದ, ದ್ಯಾಮಮ್ಮ ಕೊಡ ಹಿಡಿದು ನೀರಿನ ಅಂಚಿನಲ್ಲಿದ್ದಳು.

ಗಡಿಯ ಟ್ರೆಂಚಿನ ಕಡೆಯಿಂದ ಕೂಗು ಬಂತು.

ಅವನದೇ ಕೂಗು. ಅಪ್ಪ ಕಲಿಸಿದ್ದು, ಕೊನೆಯಲ್ಲಿ ಸೀಳುವುದು. ದ್ಯಾಮಮ್ಮ ಕೊಡ ಕೆಳಗಿಟ್ಟು ಗಂಡನ ಕಡೆ ನೋಡಿದಳು. ಅವನ ಬಾಯಿ ಮುಚ್ಚಿತ್ತು. ರಸ್ತೆಯಲ್ಲಿ ಗಾಡಿ ಇರಲಿಲ್ಲ, ಟ್ರೆಂಚಿನ ಆಚೆ ಬಯಲು ಖಾಲಿ. ಅಜ್ಜಯ್ಯ ಜಾಗಟೆಯನ್ನು ಬಡಿಯಲೂ ಮರೆತು ನಿಂತ.

ದನಗಳು ಓಡಿಬಂದವು. ಚಿಕ್ಕಬೀರಪ್ಪ ಎದ್ದು ಹೊರಗೆ ಹೋಗಬೇಕೆಂದು ಎರಡು ಹೆಜ್ಜೆ ಇಟ್ಟ. ಸುತ್ತು ಕಟ್ಟುವಾಗ ನಡುವೆ ಸಿಕ್ಕಿದ ಮನುಷ್ಯ ಬದುಕುವುದಿಲ್ಲವೆಂದು ಅವನಿಗೆ ಗೊತ್ತು. ಬಿಳಿಗೌರಿಯ ಕಡಸು ಅಡ್ಡ ಬಂತು. ಕೊಂಬು ತಗ್ಗಿಸಲಿಲ್ಲ. ಮೈಯಿಂದ ಅವನ ಸೊಂಟಕ್ಕೆ ಒತ್ತಿ, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಹಿಂದಕ್ಕೆ ನೂಕಿ, ಕರುಗಳು ಇದ್ದ ಕಡೆಗೆ ತಳ್ಳಿತು. ಆಮೇಲೆ ಅವನಿಗೆ ಬೆನ್ನು ಹಾಕಿ ಉಳಿದವುಗಳ ಸಾಲಿಗೆ ಸೇರಿಕೊಂಡಿತು.

ಕೂಗು ಮತ್ತೆ ಬಂತು, ಈ ಸಲ ಹತ್ತಿರದಿಂದ. ಚಿಕ್ಕಬೀರಪ್ಪ ಈಗ ಹುಟ್ಟಿದ ಕರುವನ್ನು ಎದೆಗೆ ಅವಚಿಕೊಂಡು ಕುಕ್ಕರಗಾಲಿನಲ್ಲಿ ಕೂತ. ಇನ್ನೊಂದು ಕೈಯಿಂದ ಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಂಡ. ಅವನ ಸುತ್ತ ಕರುಗಳ ಬಿಸಿ ಉಸಿರು, ಅವುಗಳ ಸುತ್ತ ತಾಯಂದಿರ ಬೆನ್ನು. ಅಷ್ಟೂ ಕೊಂಬುಗಳು ಹೊರಗೆ, ಅವನ ಕೂಗಿನ ಕಡೆಗೆ ತಿರುಗಿದ್ದವು.